ಖಾರ್ಕೋವಿನ ಎರಡು ಸೌಟು

ಗುರುದೇವಿಯ ಗಂಡ ನಾಗಲಿಂಗಪ್ಪ ತೀರಿಕೊಂಡದ್ದು ೧೯೯೯ರ ಮಾರ್ಚಿನ ಒಂದು ಮಂಗಳವಾರ ಬೆಳಿಗ್ಗೆ, ಲಂಡನ್ನಿನ ಹ್ಯಾರೋ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನ ಮೇಲೆ. ದಿನಾ ಹತ್ತುವ ಮೆಟ್ರೊಪಾಲಿಟನ್ ಲೈನಿನ ರೈಲು ಬರಲು ಇನ್ನೂ ಎರಡು ನಿಮಿಷ ಇತ್ತು. ಎದೆ ಹಿಡಿದುಕೊಂಡು ಬೆಂಚಿನ ಮೇಲೆ ಕುಳಿತವನು ಮತ್ತೆ ಏಳಲಿಲ್ಲ. ಅವನ ಊಟದ ಡಬ್ಬಿಯನ್ನು ಒಬ್ಬ ಪೊಲೀಸಿನವನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಮನೆಗೆ ತಂದುಕೊಟ್ಟ. ಗುರುದೇವಿ ಡಬ್ಬಿ ಬಿಚ್ಚಿ, ರೊಟ್ಟಿಯನ್ನೂ ಬದನೆಕಾಯಿ ಪಲ್ಯವನ್ನೂ ಕಸದ ಬುಟ್ಟಿಗೆ ಹಾಕಿ, ಡಬ್ಬಿ ತೊಳೆದು ಬೋರಲು ಹಾಕಿದಳು.

ಅಳಲಿಲ್ಲ. ಪರಿಚಯದ ಹೆಂಗಸರು ಬಂದು ಸೋಫಾದ ಮೇಲೆ ಸಾಲಾಗಿ ಕುಳಿತು, ಕೈಯಲ್ಲಿ ಕರ್ಚೀಫು ಹಿಡಿದು, ಈಗ ಅತ್ತಾಳು ಆಗ ಅತ್ತಾಳು ಎಂದು ಕಾದರು. ಆಕೆ ಅವರಿಗೆಲ್ಲ ಚಹಾ ಮಾಡಿಕೊಟ್ಟಳು. ಕೌನ್ಸಿಲ್ಲಿನ ಸ್ಮಶಾನದಲ್ಲಿ ಮಣ್ಣು ಕೊಟ್ಟು ಬಂದ ದಿನವೂ ಅಳಲಿಲ್ಲ. ಎರಡನೇ ಸೋಮವಾರ ಕೆಲಸಕ್ಕೆ ಹೋದಳು. ಎಂಥ ಕಲ್ಲೆದೆಯ ಹೆಂಗಸು ಎಂದು ಪಿನ್ನರಿನಿಂದ ಈಸ್ಟ್ ಹ್ಯಾಮಿನವರೆಗೆ ಊರಿನ ಕನ್ನಡಿಗರಲ್ಲೆಲ್ಲ ಮಾತಾಯಿತು. ಜನಕ್ಕೇನು, ಅತ್ತರೆ ನಾಟಕ ಎನ್ನುತ್ತಾರೆ, ಅಳದಿದ್ದರೆ ಕಲ್ಲು ಎನ್ನುತ್ತಾರೆ. ಊರ ಬಾಯಿಗೆ ಬೀಗ ಹಾಕಲು ಯಾರಿಂದಾಗಿದೆ?

ನಿಜ ಹೇಳಬೇಕೆಂದರೆ ಗುರುದೇವಿಗೆ ಏನೂ ಅನ್ನಿಸುತ್ತಿರಲಿಲ್ಲ. ದುಃಖವೂ ಇಲ್ಲ, ಸಿಟ್ಟೂ ಇಲ್ಲ. ಒಗ್ಗರಣೆ ಸೀದರೆ ಹೊಗೆ ಕಂಡು ಗೊತ್ತಾಗಬೇಕೇ ಹೊರತು ಮೂಗಿಗೆ ವಾಸನೆ ಬರುತ್ತಿರಲಿಲ್ಲ. ಬಿಸಿ ತಟ್ಟೆ ಮುಟ್ಟಿದ ಎಷ್ಟೋ ಹೊತ್ತಿನ ಮೇಲೆ ಬೊಬ್ಬೆ ಎದ್ದಿದ್ದು ಕಾಣುತ್ತಿತ್ತು. ಮಗಳು ಪ್ರಿಯಾಂಕಾ ಕಾಲೇಜಿಗೆಂದು ಲೀಡ್ಸಿಗೆ ಹೋದಾಗ ಗಾಡಿಯ ಕಡೆ ಕೈ ಬೀಸಿ ಒಳಗೆ ಬಂದಳು, ಪಾತ್ರೆ ತೊಳೆದಳು, ಅಷ್ಟೆ. ಹೀಗಾದದ್ದು ಆಕೆಯ ಬದುಕಿನಲ್ಲಿ ಇದು ಎರಡನೇ ಸಲ. ಮೊದಲನೇ ಸಲ ಆದದ್ದು ಇಪ್ಪತ್ತು ವರ್ಷದ ಹಿಂದೆ, ಖಾರ್ಕೋವಿನಲ್ಲಿ.

ಖಾರ್ಕೋವ್ ಎಂದರೆ ಆಗಿನ ಸೋವಿಯತ್ ದೇಶದ, ಈಗಿನ ಉಕ್ರೇನಿನ, ಕಾರ್ಖಾನೆಗಳ ಊರು. ಎಂಜಿನಿಯರ್ ನಾಗಲಿಂಗಪ್ಪನನ್ನು ಅವನ ಕಂಪನಿ ಎರಡು ವರ್ಷ ಅಲ್ಲಿ ಕೆಲಸ ಕಲಿಯಲು ಕಳಿಸಿತ್ತು. ಸಿಂದಗಿ ತಾಲ್ಲೂಕಿನ ಹಳ್ಳಿಯ, ವಿಜಾಪುರವನ್ನೇ ನಾಲ್ಕು ಸಲ ಮಾತ್ರ ನೋಡಿದ್ದ ಗುರುದೇವಿ, ಐದು ತಿಂಗಳ ಬಸುರಿ, ೧೯೭೮ರ ಸೆಪ್ಟೆಂಬರಿನಲ್ಲಿ ಗಂಡನ ಹಿಂದೆ ಅಲ್ಲಿಗೆ ಹೋಗಿ ಇಳಿದಳು. ಕಾರ್ಖಾನೆಯ ಹಾಸ್ಟೆಲಿನಲ್ಲಿ ಒಂದು ಕೋಣೆ. ಇಡೀ ಮಹಡಿಗೆ ಒಂದೇ ಅಡಿಗೆಮನೆ, ನಾಲ್ಕು ಗ್ಯಾಸ್ ಒಲೆ. ಈಕೆ ಒಂದು ಒಲೆಯ ಮೇಲೆ ಅನ್ನಕ್ಕಿಟ್ಟರೆ ಪಕ್ಕದ ಒಲೆಯ ಮೇಲೆ ವಿಯೆಟ್ನಾಮಿನ ಹುಡುಗರು ಉಪ್ಪುಮೀನು ಹುರಿಯುತ್ತಿದ್ದರು. ಸೆರಗಿನಿಂದ ಮೂಗು ಮುಚ್ಚಿಕೊಂಡು ಆಕೆ ಅನ್ನ ಬಸಿಯುತ್ತಿದ್ದಳು.

ಆದರೂ ಆ ನಾಲ್ಕು ತಿಂಗಳು ಚೆನ್ನಾಗಿದ್ದವು ಎಂದೇ ಹೇಳಬೇಕು. ಆ ಊರಿನಲ್ಲಿ ಕ್ಯೂ ಕಂಡರೆ ಮೊದಲು ನಿಲ್ಲಬೇಕು, ಏನು ಮಾರುತ್ತಿದ್ದಾರೆ ಎಂದು ಆಮೇಲೆ ಕೇಳಬೇಕು ಎಂಬುದನ್ನು ಆಕೆ ಬೇಗ ಕಲಿತಳು. ಎಲ್ಲರ ಹಾಗೆ ತಾನೂ ಕೋಟಿನ ಜೇಬಿನಲ್ಲಿ ದಾರದ ಬಲೆಚೀಲ ಮಡಚಿಟ್ಟುಕೊಂಡಳು. ಒಂದು ಸಲ ಎರಡು ತಾಸು ನಿಂತು ಕಿತ್ತಳೆ ತಂದಳು. ರಸ್ತೆಯ ಸೋಡಾ ಯಂತ್ರಕ್ಕೆ ಒಂದೇ ಗಾಜಿನ ಲೋಟ. ಕುಡಿದವರು ಬೋರಲು ಹಾಕಿ ಒತ್ತಿದರೆ ಕೆಳಗಿನಿಂದ ನೀರು ಚಿಮ್ಮಿ ತೊಳೆಯುತ್ತಿತ್ತು, ಮುಂದಿನವರು ಅದರಲ್ಲೇ ಕುಡಿಯುತ್ತಿದ್ದರು. ಇದನ್ನು ಅತ್ತೆ ಪಾರ್ವತೆವ್ವ ಕಂಡರೆ ನಿಂತಲ್ಲೇ ಪ್ರಾಣ ಬಿಡುತ್ತಾಳೆ ಎಂದು ಗಂಡ ಹೆಂಡತಿ ಬಿದ್ದು ಬಿದ್ದು ನಕ್ಕಿದ್ದರು.

ಜನವರಿಯಲ್ಲಿ ಗಂಡು ಮಗು ಹುಟ್ಟಿತು. ಒಂಬತ್ತು ದಿನ ಇತ್ತು. ಹತ್ತನೆಯ ದಿನ ಹಿಮ ಅಗೆದು, ಕೆಳಗಿನ ಕಲ್ಲಿನಂಥ ನೆಲ ಅಗೆದು, ಅಲ್ಲೇ ಮಣ್ಣು ಮಾಡಿದರು.

ಆಮೇಲೆ ಗುರುದೇವಿ ಉಣ್ಣುವುದನ್ನು ಬಿಟ್ಟಳು. ಹಟದಿಂದ ಬಿಟ್ಟದ್ದಲ್ಲ. ತುತ್ತು ಬಾಯಿಗೆ ಹೋಗುತ್ತಿತ್ತು, ಅಲ್ಲೇ ಉಳಿಯುತ್ತಿತ್ತು. ನಾಗಲಿಂಗಪ್ಪ ಅನ್ನ ಸಾರು ಮಾಡಿದ, ಎಲ್ಲಿಂದಲೋ ಹೆಸರುಬೇಳೆ ಹುಡುಕಿ ತಂದ, ಊರಿನಿಂದ ಬಂದ ಶೇಂಗಾ ಚಟ್ನಿಯ ಗಂಟು ಬಿಚ್ಚಿದ. ಆಕೆ ತಟ್ಟೆ ನೋಡಿ ಗೋಡೆಯ ಕಡೆ ಮಗ್ಗುಲಾಗುತ್ತಿದ್ದಳು. ಮಾರ್ಚ್ ಬರುವ ಹೊತ್ತಿಗೆ ಕೈಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಡಾಕ್ಟರಮ್ಮ ಬಂದು ನೋಡಿ, ಹೀಗೇ ಆದರೆ ಇನ್ನೊಂದು ತಿಂಗಳು ಎಂದು ಗಂಡನನ್ನು ಹೊರಗೆ ಕರೆದು ಹೇಳಿದಳು.

ಒಬ್ಬಳನ್ನೇ ಬಿಡಲು ಭಯವಾಗಿ ನಾಗಲಿಂಗಪ್ಪ ಮಾರನೆಯ ದಿನ ಹೆಂಡತಿಗೆ ಕೋಟು ತೊಡಿಸಿ ಕಾರ್ಖಾನೆಯ ಕ್ಯಾಂಟೀನಿಗೆ ಕರೆದುಕೊಂಡು ಹೋದ. ಅದಕ್ಕೆ ಅವರು ಸ್ತಲೋವಯಾ ಎನ್ನುತ್ತಿದ್ದರು. ಮದುವೆ ಮನೆಯಷ್ಟು ದೊಡ್ಡ ಹಾಲ್, ಆವಿ ಹಿಡಿದ ಕಿಟಕಿ, ಒಂದು ಪಾಳಿಯ ನಾನೂರು ಜನ. ಕಬ್ಬಿಣದ ಸರಳುಗಳ ಮೇಲೆ ಟ್ರೇ ತಳ್ಳುತ್ತ ಸಾಗಬೇಕು. ಅಲ್ಯೂಮಿನಿಯಂ ಚಮಚ, ಹಲ್ಲು ಸೊಟ್ಟಗಾದ ಫೋರ್ಕು. ಚಾಕು ಕೇಳಬಾರದು, ಇಲ್ಲ. ಒಣಹಣ್ಣು ಕುದಿಸಿದ ಸಿಹಿ ನೀರು ಗಾಜಿನ ಲೋಟಗಳಲ್ಲಿ ಸಾಲಾಗಿ ನಿಂತಿರುತ್ತಿತ್ತು. ಮೇಜಿನ ಮೇಲೆ ಬ್ರೆಡ್ಡು, ಕಣ್ಣಲ್ಲಿ ನೀರು ಬರಿಸುವ ಅರೆದ ಸಾಸಿವೆ. ಬ್ರೆಡ್ಡನ್ನು ಪೋಲು ಮಾಡಬೇಡಿ ಎಂದು ಗೋಡೆಯ ಮೇಲೆ ಬರೆದಿತ್ತು. ಮೊಳೆಗೆ ದೂರಿನ ಪುಸ್ತಕ ತೂಗುಹಾಕಿತ್ತು. ಅದರಲ್ಲಿ ಯಾರಾದರೂ ಏನಾದರೂ ಬರೆದದ್ದನ್ನು ಕಂಡವರಿಲ್ಲ.

ನಾಗಲಿಂಗಪ್ಪ ಇಬ್ಬರಿಗೂ ಬೀಟ್‌ರೂಟ್ ಪಲ್ಯ, ಬ್ರೆಡ್ಡು, ಚಹಾ ಹಾಕಿಕೊಂಡ. ಗುರುದೇವಿ ಮುಂದೆ ನಿಂತವನ ತಟ್ಟೆ ನೋಡುತ್ತಿದ್ದಳು. ನುಚ್ಚಿನಂಥ ಕಂದು ಕಾಳಿನ ಅನ್ನ, ಅದರ ಮೇಲೆ ಹೊಗೆಯಾಡುವ ದಪ್ಪನೆಯ ಕಂದು ಸಾರು. ಆಕೆ ಬೊಟ್ಟು ಮಾಡಿ, “ಅದು” ಎಂದಳು.

ಎರಡು ತಿಂಗಳಲ್ಲಿ ಆಕೆ ಏನನ್ನಾದರೂ ಬೇಕು ಎಂದು ಕೇಳಿದ್ದು ಅದೇ ಮೊದಲು. ನಾಗಲಿಂಗಪ್ಪ ಟ್ರೇ ಹಿಡಿದುಕೊಂಡು ಸುಮಾರು ಹೊತ್ತು ನಿಂತ. ಹಿಂದಿನವರು ಗೊಣಗಿದರು. ಆಮೇಲೆ ಅವನು ಬಡಿಸುವ ಹೆಂಗಸಿಗೆ, ಮಾಂಸ ಬೇಡ, ಎಂದು ರಷ್ಯನ್ನಿನಲ್ಲಿ ಹೇಳಿದ. ಆ ದಪ್ಪ ಹೆಂಗಸಿನ ಹೆಸರು ತೋಸ್ಯಾ. ಕಡ್ಡಿಯಂತಿದ್ದ ಗುರುದೇವಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಅಯ್ಯೋ ಎಂಬಂತೆ ನಾಲಿಗೆ ಲೊಚಗುಟ್ಟಿ, ಮಾಂಸದ ತುಂಡು ಬದಿಗಿಟ್ಟು, ಒಂದರ ಬದಲು ಎರಡು ಸೌಟು ಸಾರು ಹಾಕಿದಳು. ಹುರಿದ ಉಳ್ಳಾಗಡ್ಡಿ, ಹುರಿದ ಹಿಟ್ಟು, ಟೊಮೆಟೊ, ಮತ್ತೇನೋ ಒಂದು. ಗುರುದೇವಿ ತಟ್ಟೆ ಖಾಲಿ ಮಾಡಿದಳು. ತಟ್ಟೆಯನ್ನು ಬ್ರೆಡ್ಡಿನಿಂದ ಒರೆಸಿ ತಿಂದಳು. ಆ ಮಧ್ಯಾಹ್ನ ಮಲಗಿ ಎದ್ದಾಗ ಕಿಟಕಿಯ ಹೊರಗೆ ಹಿಮ ಕರಗಿ ತೊಟ್ಟಿಕ್ಕುವ ಸದ್ದು ಆಕೆಗೆ ಕೇಳಿಸಿತು.

ಅಂದಿನಿಂದ ಊರಿಗೆ ಮರಳುವವರೆಗೂ ಮಧ್ಯಾಹ್ನದ ಊಟ ಅಲ್ಲೇ. ಗುರುವಾರ ಒಂದು ಬಿಟ್ಟು. ಗುರುವಾರ ದೇಶಕ್ಕೆಲ್ಲ ಮೀನಿನ ದಿನ, ಅಂದು ರಸ್ತೆಯಾಚೆಯ ಅಂಗಡಿಯಲ್ಲಿ ಆಲೂಗಡ್ಡೆ ಕಡುಬು. ನಾಗಲಿಂಗಪ್ಪ ಮಾತ್ರ ಎಂದೂ ಆ ಸಾರು ಮುಟ್ಟಲಿಲ್ಲ. ಹೆಂಡತಿಯ ಎದುರಿಗೆ ಕುಳಿತು ಬ್ರೆಡ್ಡಿಗೆ ಸಾಸಿವೆ ಸವರಿಕೊಂಡು ತಿನ್ನುತ್ತಿದ್ದ. ಮರಳುವಾಗ ಒಂದು ರಷ್ಯನ್ ಕ್ಯಾಮೆರಾ ಕೊಂಡ. ಗುರುದೇವಿ ಎರಡಕ್ಕೆ ಎರಡು ಕೂಡಿಸಿದಳು: ಓಹೋ, ಇದಕ್ಕಾಗಿ ಹೊಟ್ಟೆ ಕಟ್ಟಿದ್ದು!

ಅದು ಮುಂದೆ ಆಕೆಯ ಹೆಸರಾಂತ ತಮಾಷೆಯಾಯಿತು. ೧೯೮೯ರಲ್ಲಿ ನಾಗಲಿಂಗಪ್ಪನಿಗೆ ಲಂಡನ್ನಿನಲ್ಲಿ ಕೆಲಸ ಸಿಕ್ಕು, ಹ್ಯಾರೋದಲ್ಲಿ ಮನೆ ಮಾಡಿದ ಮೇಲೆ, ಕನ್ನಡದವರು ಕೂಡಿದಲ್ಲೆಲ್ಲ ಆಕೆಯನ್ನು ಕೇಳಿ ಕೇಳಿ ಆ ಕಥೆ ಹೇಳಿಸುತ್ತಿದ್ದರು. “ನಮ್ಮನಿಯವರು ಎರಡು ವರ್ಷ ಬ್ರೆಡ್ಡು ಸಾಸಿವಿ ತಿಂದು ಕ್ಯಾಮೆರಾ ತಂದ್ರು ನೋಡ್ರಿ. ಅದರಾಗ ತಗದ ಫೋಟೋದಾಗ ನೋಡಿದ್ರ ಹೆಂಡತಿ ಗುಂಡಗ, ಗಂಡ ಕಡ್ಡಿ!” ಎಲ್ಲರೂ ನಗುತ್ತಿದ್ದರು. ನಾಗಲಿಂಗಪ್ಪ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದ.

೧೯೯೨ರಲ್ಲಿ ಮಾವ ತೀರಿಕೊಂಡ ಮೇಲೆ ಅತ್ತೆ ಪಾರ್ವತೆವ್ವ ಬಂದಳು. ಮುದುಕಿಯ ಆಚಾರ ಎಂದರೆ ಆಚಾರ. ಲಿಂಗಪೂಜೆ ಮುಗಿಯದೆ ನೀರು ಮುಟ್ಟುವುದಿಲ್ಲ. ಹೋಟೆಲಿನದು ಇಲ್ಲ, ಅಂಗಡಿಯದು ಇಲ್ಲ, ಹಬ್ಬಕ್ಕೆ ಕರೆದವರ ಮನೆಯದೂ ಇಲ್ಲ. ಬಿಸ್ಕೀಟಿನ ಪುಡಿಕೆ ಬಂದರೆ ಮೊಮ್ಮಗಳನ್ನು ಕೂಡಿಸಿಕೊಂಡು ಅದರ ಮೇಲಿನ ಅಕ್ಷರ ಅಕ್ಷರ ಓದಿಸುತ್ತಿದ್ದಳು. “ಅಜ್ಜಿ, ಇಟ್ಸ್ ಜಸ್ಟ್ ಬಿಸ್ಕಿಟ್ಸ್” ಎಂದು ಪ್ರಿಯಾಂಕಾ ಮೊರೆಯಿಡುತ್ತಿದ್ದಳು. ಜಗತ್ತಿನಲ್ಲಿ ಆಕೆ ಉಣ್ಣುತ್ತಿದ್ದುದು ಒಂದೇ ಕೈಯಿಂದ, ಅದು ಗುರುದೇವಿಯದು. ಗುರುದೇವಿ ಆಪರೇಶನ್ ಮಾಡಿಸಿಕೊಂಡು ಆಸ್ಪತ್ರೆಯಲ್ಲಿದ್ದ ನಾಲ್ಕು ದಿನ ಮುದುಕಿ ಹಾಲು ಬಾಳೆಹಣ್ಣಿನ ಮೇಲೆ ಜೀವ ಹಿಡಿದಿದ್ದಳು.

ಅದೇ ವರ್ಷ ಗುರುದೇವಿ ಹತ್ತಿರದ ಶಾಲೆಯ ಅಡಿಗೆಮನೆಯಲ್ಲಿ ಕೆಲಸಕ್ಕೆ ಸೇರಿದಳು. ಮಕ್ಕಳಿಗೆ ಕೋಳಿ, ಕುರಿ, ಎಲ್ಲವನ್ನೂ ಬಡಿಸಬೇಕು. ಅತ್ತೆ ಏನನ್ನುತ್ತಾಳೋ ಎಂದು ಅಂಜಿಕೊಂಡೇ ಕೇಳಿದ್ದಳು. ಪಾರ್ವತೆವ್ವ ಎರಡು ದಿನ ವಿಚಾರ ಮಾಡಿ ತೀರ್ಪು ಕೊಟ್ಟಳು: “ಕೈಗೆ ಹತ್ತಿದ್ದು ತೊಳಕೊಂಡ್ರ ಹೋಗತೈತಿ. ಹೊಟ್ಯಾಗ ಹೋದದ್ದು ಹೋಗಂಗಿಲ್ಲ. ಜಳಕಾ ಮಾಡಿ ಒಳಗ ಬಾ, ಅಷ್ಟ.” ಒಂಬತ್ತು ವರ್ಷ ಗುರುದೇವಿ ಶಾಲೆಯಿಂದ ಬಂದು ಸ್ನಾನ ಮಾಡದೆ ಒಲೆ ಮುಟ್ಟಿರಲಿಲ್ಲ.

ಗಂಡ ಹೋದ ಮೇಲೆ ಮನೆಯಲ್ಲಿ ಇಬ್ಬರೇ ಹೆಂಗಸರು. ಮಗ ಸತ್ತಾಗ ಮುದುಕಿ ಎದೆ ಎದೆ ಬಡಿದುಕೊಂಡು ಅತ್ತು, ತಿಂಗಳೊಪ್ಪತ್ತಿಗೆ ಸುಧಾರಿಸಿಕೊಂಡಿದ್ದಳು. ಈಗ ಊಟಕ್ಕೆ ಕುಳಿತಾಗ ಅವಳ ಕಣ್ಣು ಸದಾ ಸೊಸೆಯ ತಟ್ಟೆಯ ಮೇಲೆ. ಹುಳುಕು ಹುಡುಕುತ್ತಾಳೆ ಎಂದು ಗುರುದೇವಿ ತಿಳಿದಿದ್ದಳು. ಹುಡುಕಲಿ. ಆಕೆಗೆ ಅದೂ ಮುಟ್ಟುತ್ತಿರಲಿಲ್ಲ.

೨೦೦೧ರ ನವೆಂಬರಿನಲ್ಲಿ ಶಾಲೆಯ ಅಡಿಗೆಮನೆಗೆ ಹೊಸಬಳೊಬ್ಬಳು ಬಂದಳು. ಗಲೀನಾ, ಐವತ್ತು ದಾಟಿದವಳು, ಉಕ್ರೇನಿನ ಪೊಲ್ತಾವಾ ಊರಿನವಳು. ಸೋವಿಯತ್ ಕಾಲದಲ್ಲಿ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಹದಿನೈದು ವರ್ಷ ಅಡಿಗೆ ಮಾಡಿದವಳು. ಅಲ್ಲಿನ ಲೆಕ್ಕದಲ್ಲಿ ಮೇಲಿನದಾದ ಐದನೇ ದರ್ಜೆಯ ಅಡಿಗೆಯವಳು ಎಂದು, ನಮ್ಮವರು ಡಾಕ್ಟರು ಎಂದು ಹೇಳಿಕೊಳ್ಳುವಂತೆ, ಹೇಳಿಕೊಳ್ಳುತ್ತಿದ್ದಳು. ಹಳೆಯ ಏಪ್ರನ್ ಕಟ್ಟಿದ ಈ ಸೀರೆಯ ಹೆಂಗಸಿಗೆ ನಾಲ್ಕು ಮಾತು ರಷ್ಯನ್ ಬರುತ್ತದೆಂದು ಗೊತ್ತಾದ ದಿನ ತಬ್ಬಿಕೊಂಡು ಗುರುದೇವಿಯ ಉಸಿರು ಕಟ್ಟಿಸಿದಳು. ಮಾಂಸದ ಮೇಲೆ ಸುರಿಯುವ, ಇಂಗ್ಲಿಷರ ಪುಡಿ ಕಲಸಿದ ಗ್ರೇವಿ ಕಂಡರೆ ಆಕೆಗೆ ಮೈಯೆಲ್ಲ ಉರಿ. ಒಂದು ಬುಧವಾರ, ಮಕ್ಕಳ ಊಟ ಮುಗಿದ ಮೇಲೆ, ನಿನಗೆ ನಿಜವಾದದ್ದು ತೋರಿಸುತ್ತೇನೆ ಎಂದು ತೋಳು ಮಡಚಿ ಒಲೆಯ ಮುಂದೆ ನಿಂತಳು.

ಗುರುದೇವಿ ಟ್ರೇ ತೊಳೆಯುತ್ತಿದ್ದಳು. ಎರಡೂವರೆ ವರ್ಷದಿಂದ ಸತ್ತಂತಿದ್ದ ಮೂಗಿಗೆ ಒಂದು ವಾಸನೆ ಬಂದು ಹೊಡೆಯಿತು. ಖಾರ್ಕೋವ್. ಆವಿ ಹಿಡಿದ ಕಿಟಕಿ, ಸೊಟ್ಟ ಫೋರ್ಕು, ತೋಸ್ಯಾಳ ಎರಡು ಸೌಟು. ಆಕೆಯ ಬಾಯಲ್ಲಿ ನೀರೂರಿತು. ಒದ್ದೆ ಕೈಯಲ್ಲೇ ಒಲೆಯ ಹತ್ತಿರ ಹೋಗಿ ನಿಂತಳು. ಮಾಂಸ ಬೇಯಿಸಿ ಉಳಿದ ನೀರನ್ನು ಗಲೀನಾ ಹುರಿದ ಹಿಟ್ಟಿನ ಮೇಲೆ ಸುರಿಯುತ್ತಿದ್ದಳು.

“ಅದನ್ನ ಯಾಕೆ ಹಾಕ್ತೀ?” ಎಂದು ಗುರುದೇವಿ ಇಂಗ್ಲಿಷಿನಲ್ಲಿ ಕೇಳಿದಳು.

ಗಲೀನಾ ನಕ್ಕಳು. ಅದಿಲ್ಲದೆ ಸಾರು ಹೇಗಾಗುತ್ತದೆ? ಎಲುಬಿನ ನೀರು, ಮಾಂಸದ ಜಿಡ್ಡು, ಅದೇ ತಾನೇ ರುಚಿ. ಮಾಂಸ ಬೇಡ ಎಂದವರಿಗೆ? ಎಂದಳು ಗುರುದೇವಿ. ಅವರಿಗೆ ತುಂಡು ತೆಗೆದು ಸಾರು ಹಾಕುವುದು. ಎಲ್ಲ ಕಡೆ ಹಾಗೇ. ಸೊರಗಿದವರು ಬಂದರೆ ಕರುಣೆಯಿಂದ ಒಂದು ಸೌಟು ಜಾಸ್ತಿ. “ನಿಮ್ಮ ದೇಶದವರು ಇಬ್ಬರು ನಮ್ಮ ಕ್ಯಾಂಟೀನಿಗೂ ಬರುತ್ತಿದ್ದರು,” ಎಂದಳು ಗಲೀನಾ, ಸೌಟು ತಿರುವುತ್ತ. “ಒಬ್ಬನಿಗೆ ಗೊತ್ತಿತ್ತು. ಬರೀ ಬ್ರೆಡ್ಡು ಸಾಸಿವೆ ತಿಂದು ಎದ್ದು ಹೋಗುತ್ತಿದ್ದ.”

ಗುರುದೇವಿ ಸಿಂಕಿಗೆ ಮರಳಿ ಉಳಿದ ಟ್ರೇಗಳನ್ನು ತೊಳೆದಳು. ಒಂಬತ್ತು ವರ್ಷದಿಂದ ದಿನಾ ಗ್ರೇವಿ ಬಡಿಸುವವಳಿಗೆ ಒಂದು ದಿನವೂ ಈ ಅನುಮಾನ ಬಂದಿರಲಿಲ್ಲ. ಮನಸ್ಸಿಗೆ ಬೇಡವಾದ ಅನುಮಾನ ಎದುರಿಗೆ ಬಂದು ನಿಂತರೂ ಕಾಣುವುದಿಲ್ಲ. ನಾಗಲಿಂಗಪ್ಪನಿಗೆ ಗೊತ್ತಿತ್ತು. ಗೊತ್ತಿದ್ದೂ ಎದುರಿಗೆ ಕುಳಿತು ಉಣಿಸಿದ. ತಾನು ಮಾತ್ರ ಬ್ರೆಡ್ಡು ತಿಂದ. ಈಕೆ ಅವನನ್ನು ಇಪ್ಪತ್ತು ವರ್ಷ ಜುಗ್ಗ ಎಂದು ಊರ ಮುಂದೆ ನಗೆಗೀಡು ಮಾಡಿದಳು. ಇಷ್ಟೆಲ್ಲ ವಿಚಾರ ಬಂದವು, ಒಂದಾದರೂ ಒಳಗಿಳಿಯಲಿಲ್ಲ. ಗಾಜಿನಾಚೆ ಯಾರದೋ ಮನೆಯ ಜಗಳ ನೋಡಿದಂತೆ ನೋಡಿದಳು. ಸ್ಪಷ್ಟವಾಗಿ ಕಂಡದ್ದು ಒಂದೇ: ಎಂಬತ್ತೆರಡು ವರ್ಷದ ಮುದುಕಿ, ಬಿಸ್ಕೀಟಿಗೂ ಅಂಜುವವಳು, ಇವತ್ತು ರಾತ್ರಿಯೂ ತನ್ನ ಕೈಯಿಂದ ಉಣ್ಣುತ್ತಾಳೆ.

ಹೇಳಿಬಿಡಬೇಕು. ಹೇಳಿದರೆ? ಪರೀಕ್ಷೆ ನೋಡೋಣವೆಂದು ಮಾರನೆಯ ದಿನ ತಲೆನೋವಿನ ನೆಪ ಮಾಡಿ ಮಲಗಿ, ಹೊರಗಿನಿಂದ ಏನಾದರೂ ತರಿಸಲೇ ಎಂದು ಕೇಳಿದಳು. ಪಾರ್ವತೆವ್ವ ಬೇಡವೆಂದು ಎರಡು ಬಾಳೆಹಣ್ಣು ತಿಂದು ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿದಳು. ಸಂಜೆ ನಾಲ್ಕಕ್ಕೆ ಮೈಯೆಲ್ಲ ಬೆವೆತು, ಕೈ ನಡುಗಿ, ಕುರ್ಚಿಯಿಂದ ಜಾರಿದಳು. ಬಾಯಿಗೆ ಸಕ್ಕರೆ ನೀರು ಬಿಟ್ಟು, ಡಾಕ್ಟರಿಗೆ ಫೋನು ಮಾಡಿ, ಅಂತೂ ಎಬ್ಬಿಸಿದ್ದಾಯಿತು. ಗುರುದೇವಿಗೆ ಉತ್ತರ ಸಿಕ್ಕಿತು. ಹೇಳಿದರೆ ಮುದುಕಿ ಉಣ್ಣುವುದಿಲ್ಲ, ಉಣ್ಣದಿದ್ದರೆ ಉಳಿಯುವುದಿಲ್ಲ.

ಹೇಳುವುದೇ ಬೇಡ ಎಂದುಕೊಂಡಳು. ಆದರೆ ಶನಿವಾರ ಪಿನ್ನರಿನ ರತ್ನಾಬಾಯಿ ಮುದುಕಿಯನ್ನು ನೋಡಲು ಬಂದಳು. ಕನ್ನಡಿಗರ ಮನೆ ಮನೆಯ ಸುದ್ದಿ ಹೊತ್ತು ತಿರುಗುವ ಬಾಯಿ ಅದು. ಈ ದೇಶಕ್ಕೆ ಬಂದು ಯಾರ ಆಚಾರ ಉಳಿದಿದೆ, ಯಾರ ಸೊಸೆ ಏನು ತಿನ್ನುತ್ತಾಳೋ ಯಾರಿಗೆ ಗೊತ್ತು, ಎಂದು ಚಹಾ ಹೀರುತ್ತ ರಾಗ ತೆಗೆದಳು. ಪಾರ್ವತೆವ್ವ ಕೋಲು ನೆಲಕ್ಕೆ ಕುಟ್ಟಿ, “ಮಂದಿ ಸುದ್ದಿ ನನಗ ಬ್ಯಾಡ. ನನ್ನ ಸೊಸಿ ಕೈ ಚೊಕ್ಕ, ಹೊಟ್ಟಿ ಚೊಕ್ಕ. ಬೇಕಾದ್ರ ಲಿಂಗಾ ಮುಟ್ಟಿ ಹೇಳತೀನಿ,” ಎಂದಳು. ಬಾಗಿಲಲ್ಲಿ ನಿಂತ ಗುರುದೇವಿಗೆ ಅದು ಕೇಳಿಸಿತು. ತನ್ನ ದೆಸೆಯಿಂದ ಮುದುಕಿ ಲಿಂಗ ಮುಟ್ಟಿ ಸುಳ್ಳು ಹೇಳುವಂತಾಯಿತಲ್ಲ ಎಂದುಕೊಂಡಳು. ಅಷ್ಟು ಸಾಕಾಯಿತು.

ಭಾನುವಾರ ಮಧ್ಯಾಹ್ನ ಹನ್ನೆರಡೂವರೆಗೆ ಪಾರ್ವತೆವ್ವ ಪೂಜೆ ಮುಗಿಸಿ ಬಂದು ಅಡಿಗೆಮನೆಯ ಮೇಜಿಗೆ ಕುಳಿತಳು. ಹಂಚಿನ ಮೇಲೆ ರೊಟ್ಟಿ ಉಬ್ಬುತ್ತಿತ್ತು. ಗುರುದೇವಿ ಅದನ್ನು ಕೆಳಗಿಳಿಸಿ ಒಲೆ ಆರಿಸಿದಳು.

“ಅತ್ತೀ, ಒಂದ ಮಾತ ಹೇಳಬೇಕ್ರಿ.”

ಹೇಳಿದಳು. ಕ್ಯಾಂಟೀನು, ಎರಡು ಸೌಟು, ಗಲೀನಾ, ಮಾಂಸದ ನೀರು, ಒಂದನ್ನೂ ಬಿಡಲಿಲ್ಲ. ರೈಲಿನ ವೇಳಾಪಟ್ಟಿ ಓದಿದಂಥ ದನಿ. ಕೊನೆಗೆ, “ನನಗ ಗೊತ್ತಿರಲಿಲ್ರಿ. ಈಗ ಗೊತ್ತಾಗೇತಿ. ಇನ್ನ ಮ್ಯಾಲೆ ನನ್ನ ಕೈಯಾಂದು ನೀವು ಉಣ್ಣಬ್ಯಾಡ್ರಿ,” ಎಂದಳು.

ಪಾರ್ವತೆವ್ವ ಒಲೆಯ ಕಡೆ ನೋಡಿದಳು. “ಒಲಿ ಯಾಕ ಆರಿಸಿದಿ?”

“ಅತ್ತೀ, ನಾ ಹೇಳಿದ್ದು ಕೇಳಿಸ್ತಿಲ್ರಿ?”

“ಕಿವಿ ಅದಾವ ನನಗ. ಇದು ಹೊಸಾದಲ್ಲ, ನನಗ ಗೊತ್ತೈತಿ.”

ಗುರುದೇವಿ ಕುರ್ಚಿ ಎಳೆದುಕೊಂಡು ಕುಳಿತಳು.

“ನೀ ಉಂಡ ವಾರಾನ ನಾಗ್ಯಾ ಕಾಗದಾ ಬರದಿದ್ದ,” ಎಂದಳು ಮುದುಕಿ. “ಬಂದು ಮುಟ್ಟೂದ್ರಾಗ ತಿಂಗಳಾಗಿತ್ತು. ‘ಅವ್ವಾ, ಎರಡು ತಿಂಗಳಾದ ಮ್ಯಾಲೆ ಆಕಿ ಬಾಯಿ ಬಿಟ್ಟು ಇದು ಬೇಕು ಅಂದಾಳ. ಅದು ಇಂಥಾದ್ದು. ಬ್ಯಾಡ ಅನ್ನಾಕ ನನಗ ನಾಲಿಗಿ ಏಳಲಿಲ್ಲ. ಏನ ಮಾಡಲಿ?’ ಅಂತ. ಆ ಕಾಗದ ಹಿಡಕೊಂಡು ಒಂದ ದಿನಾ ಪೂರ್ತಿ ದೇವರ ಮನ್ಯಾಗ ಕುಂತಿದ್ದೆ. ನಿಮ್ಮ ಮಾವಗೂ ತೋರಿಸಲಿಲ್ಲ.”

“ನೀವ್ ಏನಂತ ಬರದ್ರಿ?”

“ನಿನಗ ಹೆಣ್ತಿ ಬೇಕೋ ಆಚಾರ ಬೇಕೋ ನೋಡು ಅಂತ ಬರದೆ. ಬಾಯಿ ಮುಚ್ಚಿಕೊಂಡು ಆಕಿ ಮುಂದ ಕುಂತು ಉಣಸು, ಪಾಪಾ ಬಂದ್ರ ನನಗ ಬರಲಿ, ಆಕಿಗೆ ಎಂದೂ ಗೊತ್ತಾಗಬಾರದು ಅಂತ ಬರದೆ. ಕೂಸಿನ್ನ ಅಲ್ಲೇ ಮಣ್ಣಾಗಿಟ್ಟಿದ್ರಿ. ತಾಯೀನೂ ಇಡಬೇಕಾಗಿತ್ತೇನ?”

ಆ ಮಗುವಿನ ಮಾತನ್ನು ಪಾರ್ವತೆವ್ವ ಎತ್ತಿದ್ದು ಇಪ್ಪತ್ತೆರಡು ವರ್ಷದಲ್ಲಿ ಅದೇ ಮೊದಲು. ಗುರುದೇವಿ ತಲೆ ಎತ್ತಿದಳು. “ಮತ್ತ ನೀವು... ಇಷ್ಟು ವರ್ಷ ನನ್ನ ಕೈಲೆ...”

“ಸುಳ್ಳ ಯಾಕ ಹೇಳಲಿ, ಮೊದಲನೇ ತುತ್ತು ಗಂಟಲದಾಗ ಇಳೀಲಿಲ್ಲ. ನೀವು ಊರಿಗೆ ಬಂದ ದಿನಾ ನೀ ರೊಟ್ಟಿ ನೀಡಿದಿ. ಕೈಯಾಗ ಹಿಡಕೊಂಡು ಕುಂತಿದ್ದೆ. ನಿನ್ನ ಮಾರಿ ನೋಡಿದೆ. ಗಲ್ಲ ತುಂಬಿದ್ವು, ಕಣ್ಣಾಗ ಜೀವ ಇತ್ತು. ನುಂಗಿಬಿಟ್ಟೆ. ಎರಡನೇ ತುತ್ತು ತಾನ ಇಳೀತು.” ಮುದುಕಿ ಸೆರಗಿನಿಂದ ಮೂಗೊರೆಸಿಕೊಂಡಳು. “ಬಿಸ್ಕೀಟ್ ಕಂಪನ್ಯಾವ ನನಗೇನ ಸಂಬಂಧಿಕನ? ಅವಂದು ನಾ ಯಾಕ ನುಂಗಲಿ? ನೀ ನನ್ನ ಸೊಸಿ.”

ಗುರುದೇವಿ ಮೇಜಿನ ಮೇಲಿನ ತನ್ನ ಕೈಗಳನ್ನೇ ನೋಡುತ್ತಿದ್ದಳು.

“ಈಗ ನನ್ನ ಮಾತು ಕೇಳು,” ಎಂದಳು ಪಾರ್ವತೆವ್ವ. ದನಿ ತಗ್ಗಿತ್ತು. “ಅವ ಸತ್ತು ಎರಡೂವರಿ ವರ್ಷಾತು. ಆವತ್ತಿಂದ ನಿನ್ನ ತಾಟು ನೋಡಾಕ ಹತ್ತೀನಿ. ಅರ್ಧಾ ರೊಟ್ಟಿ ಮುರೀತಿ, ಅತ್ತಾಗ ಸರಸ್ತಿ, ಇತ್ತಾಗ ಸರಸ್ತಿ, ಎದ್ದು ಹೋಗತಿ. ಅಳೂದಿಲ್ಲ, ನಗೂದಿಲ್ಲ. ಮತ್ತ ಅದ ಬ್ಯಾನಿ ಬಂದೈತಿ ಅಂತ ನನಗ ಗೊತ್ತಾಗೇತಿ. ಆಗ ಅವ ಇದ್ದ, ಕಾಗದಾ ಬರದಾ, ಕೇಳಿದಾ. ಈಗ ನಾ ಯಾರಿಗಿ ಕಾಗದಾ ಬರೀಲವಾ?”

ಗುರುದೇವಿ ಬಾಯಿ ತೆರೆದಳು. ಮಾತಿನ ಬದಲು ಬೇರೆ ಏನೋ ಬಂತು. ಹೊಟ್ಟೆಯ ಬುಡದಿಂದ ಎದ್ದು ಬಂದ ಆ ದನಿ ಆಕೆಗೇ ಗುರುತು ಸಿಗಲಿಲ್ಲ. ಮೇಜಿಗೆ ಹಣೆ ಹಚ್ಚಿ, ಸೆರಗು ಬಾಯಿಗೆ ತುರುಕಿಕೊಂಡು, ಪಕ್ಕದ ಮನೆಯವರು ಕಿಟಕಿಯಿಂದ ಇಣುಕುವಷ್ಟು ಅತ್ತಳು. ಎದುರಿಗೆ ಕುಳಿತು ಬ್ರೆಡ್ಡು ತಿಂದವನಿಗಾಗಿ ಅತ್ತಳು. ಜುಗ್ಗ ಎಂದಾಗಲೆಲ್ಲ ಅವನು ನಕ್ಕದ್ದಕ್ಕೆ ಅತ್ತಳು. ಪ್ಲಾಟ್‌ಫಾರ್ಮಿನ ಮೇಲೆ ಒಬ್ಬನೇ ಸತ್ತನಲ್ಲ ಎಂದು ಅತ್ತಳು. ನೋವಾಯಿತು. ಬಹಳ ನೋವಾಯಿತು. ಪಾರ್ವತೆವ್ವ ಸಮಾಧಾನ ಮಾಡಲಿಲ್ಲ, ತಡೆಯಲೂ ಇಲ್ಲ. ಕೋಲೂರಿ ಎದ್ದು, ತಡಕಾಡಿ ಲೈಟರ್ ಹುಡುಕಿ, ಒಲೆ ಹಚ್ಚಿ, ಹಂಚು ಏರಿಸಿದಳು.

ಊಟಕ್ಕೆ ಕುಳಿತಾಗ ಎರಡು ಗಂಟೆ ಮೀರಿತ್ತು. ಮುದುಕಿ ತನ್ನ ತಾಟು ಮುಂದಿಟ್ಟುಕೊಂಡು, ಕೈಕಟ್ಟಿ, ಸೊಸೆಯ ತಾಟಿನ ಕಡೆ ನೋಡುತ್ತಿದ್ದಳು. ಗುರುದೇವಿ ಒಂದು ರೊಟ್ಟಿ ಮುಗಿಸಿ ಎರಡನೆಯದನ್ನು ಮುರಿದಳು. ಆಗ ಪಾರ್ವತೆವ್ವ ತಾನೂ ಉಣ್ಣಲು ಶುರು ಮಾಡಿದಳು.